ಚಹಾ ತೋಟದ ನುಸಿಗೆ ಬೇಟೆನುಸಿ, ಗುಲಗಂಜಿ ಹುಳು: ಯಾವಾಗ, ಯಾವ ಕ್ರಮದಲ್ಲಿ

"ಬೇಟೆನುಸಿ ತಂದು ಬಿಟ್ಟೆವು, ಏನೂ ಪ್ರಯೋಜನ ಆಗಲಿಲ್ಲ." ಚಹಾ ಬೆಳೆಗಾರರಿಂದ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಬೇಟೆನುಸಿ ಎಂದರೆ ಚಹಾ ಎಲೆಗೆ ಹಾನಿ ಮಾಡುವ ನುಸಿಗಳನ್ನು ತಿನ್ನುವ ಇನ್ನೊಂದು ನುಸಿ. ಇಲ್ಲಿ ಸೋಲುವುದು ಹೆಚ್ಚಾಗಿ ಬೇಟೆನುಸಿ ಅಲ್ಲ, ಕೆಲಸದ ಕ್ರಮ. ಹಿಂದಿನ ವಾರ ಹೊಡೆದ ಕೀಟನಾಶಕ ಎಲೆಯ ಮೇಲೆ ಇನ್ನೂ ಇರುತ್ತದೆ. ಇಲ್ಲವೇ ಗಿಡ ಆಗಲೇ ಕಂದುಬಣ್ಣಕ್ಕೆ ತಿರುಗಿರುತ್ತದೆ. ಎರಡೂ ಸಂದರ್ಭದಲ್ಲಿ ಬಿಟ್ಟ ಮಿತ್ರಜೀವಿ, ಅಂದರೆ ಪೀಡೆಯನ್ನು ತಿನ್ನುವ ಜೀವಿ, ವ್ಯರ್ಥ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ತಂದು ಬಿಡುವ ಕೆಲಸ ಆರನೇ ಹಂತದಲ್ಲಿ ಬರುತ್ತದೆ. ಮೊದಲ ಐದನ್ನು ಸರಿಯಾಗಿ ಮಾಡಿದ ಎಷ್ಟೋ ತೋಟಗಳಿಗೆ ಆರನೆಯದು ಬೇಕೇ ಆಗುವುದಿಲ್ಲ. ತೋಟದಲ್ಲೇ ಇರುವ ಮಿತ್ರಜೀವಿಗಳು ಸಾಕಾಗುತ್ತವೆ.

ಮೊದಲು ಬೇಕಾದ ಸಾಮಾನು

ಹತ್ತರಿಂದ ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕೇ ಬೇಕು. ಅದಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಕೆಂಪು ಜೇಡನುಸಿಯೇ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. ನೇರಳೆ ನುಸಿ, ಗುಲಾಬಿ ನುಸಿ ಅದಕ್ಕಿಂತ ಎಷ್ಟೋ ಸಣ್ಣವು, ಬರಿಗಣ್ಣಿಗೆ ಧೂಳಿನಂತೆಯೂ ಕಾಣುವುದಿಲ್ಲ.

ಇದರ ಜೊತೆಗೆ ಬಿಳಿ ಹಾಳೆ ಅಥವಾ ತಟ್ಟೆ, ಚಿತ್ರ ಬಿಡಿಸುವ ತೀರ ಸಣ್ಣ ಕುಂಚ, ಗಿಡ ಗುರುತಿಸಲು ಬಣ್ಣದ ಪಟ್ಟಿ, ಪ್ಲಾಸ್ಟಿಕ್ ಚೀಲ, ಒಂದು ನೋಟ್‌ಬುಕ್ ಇರಲಿ. ಸ್ಪ್ರೇ ಮಾಡಿದ ದಿನ ಮತ್ತು ಔಷಧಿಯ ಹೆಸರು ಬರೆದಿಟ್ಟ ಹಳೆಯ ಪುಸ್ತಕವಿದ್ದರೆ ಅದನ್ನೂ ತೆಗೆದಿಡಿ. ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 1: ಯಾವ ನುಸಿ ಎಂದು ಮೊದಲು ತಿಳಿಯಿರಿ

ಎಲ್ಲ ನುಸಿಯನ್ನೂ ಒಂದೇ ಬೇಟೆಗಾರ ತಿನ್ನುವುದಿಲ್ಲ. ಹೆಸರು ಗೊತ್ತಾದರೆ ಎಲೆಯ ಯಾವ ಭಾಗ ನೋಡಬೇಕು, ಯಾವ ಮಿತ್ರನನ್ನು ಹುಡುಕಬೇಕು ಎಂಬುದೂ ಗೊತ್ತಾಗುತ್ತದೆ.

ಕೆಂಪು ಜೇಡನುಸಿ, ಅಂದರೆ ಒಲಿಗೊನಿಕಸ್ ಕಾಫಿಯೇ, ಬಲಿತ ಎಲೆಯ ಮೇಲ್ಭಾಗದಲ್ಲಿ ಕೂರುತ್ತದೆ. ನಡುನರದ ಪಕ್ಕದಲ್ಲಿ, ಎಲೆ ತಗ್ಗಿರುವ ಕಡೆ ಮೊದಲು ಸೇರುತ್ತದೆ. ಮೊಟ್ಟೆ ದುಂಡಗೆ, ಕೆಂಪಗೆ ಇರುತ್ತದೆ. ಪೊರೆ ಕಳಚಿದ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ಮೊದಲು ಸಣ್ಣ ಕಂದು ಚುಕ್ಕೆ ಕಾಣಿಸುತ್ತದೆ, ಆಮೇಲೆ ಎಲೆಯೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಒಣಹವೆಯಲ್ಲಿ, ಬಿಸಿಲು ನೇರ ಬೀಳುವ ಕಡೆ ಇದರ ಹಾವಳಿ ಜಾಸ್ತಿ. ಎಲೆಯ ಮೇಲ್ಭಾಗದಲ್ಲಿ ಇರುವುದರಿಂದ ಜೋರು ಮಳೆಗೆ ತೊಳೆದು ಹೋಗುತ್ತದೆ.

ಬ್ರೆವಿಪಾಲ್ಪಸ್ ಜಾತಿಯ ಕಡುಗೆಂಪು ನುಸಿ ಎಲೆಯ ಕೆಳಭಾಗದಲ್ಲಿ, ತೊಟ್ಟಿನ ಹತ್ತಿರ ಇರುತ್ತದೆ. ಚಪ್ಪಟೆ ಮೈ, ತೀರ ನಿಧಾನ. ತೊಟ್ಟು ಕಂದಾಗಿ ಎಲೆ ಉದುರಲು ಶುರುವಾದಾಗಲೇ ಹೆಚ್ಚಿನವರಿಗೆ ಇದು ಗೊತ್ತಾಗುವುದು.

ನೇರಳೆ ನುಸಿ ಬಲಿತ ಎಲೆಯ ಎರಡೂ ಬದಿಯಲ್ಲಿ ಇರುತ್ತದೆ. ಎಲೆ ಹೊಗೆ ಹಿಡಿದ ತಾಮ್ರದ ಬಣ್ಣಕ್ಕೆ ಬರುತ್ತದೆ, ಮೇಲೆ ಬಿಳಿ ಪುಡಿಯಂಥ ಪೊರೆ ಕಾಣಿಸುತ್ತದೆ. ಗುಲಾಬಿ ನುಸಿ ಬಿದ್ದರೆ ಎಲೆ ಬಿಳಿಚಿಕೊಂಡು ದಪ್ಪಗಾಗಿ ಮುದುಡುತ್ತದೆ. ಹಳದಿ ನುಸಿ ಮಾತ್ರ ಎಳೆಯ ಚಿಗುರಿನಲ್ಲಿ, ಮೊದಲ ಎರಡು ಮೂರು ಎಲೆಗಳ ಕೆಳಗೆ ಇರುತ್ತದೆ. ಚಿಗುರು ಕುಗ್ಗುತ್ತದೆ, ಎಲೆಯ ಅಡಿಯಲ್ಲಿ ಒರಟು ಕಂದು ಗೆರೆ ಮೂಡುತ್ತದೆ.

ಸಾಮಾನ್ಯ ತಪ್ಪು: ಕಂದಾದ ಎಲೆ ಕಂಡ ಕೂಡಲೇ ಕೆಂಪು ಜೇಡನುಸಿ ಎಂದು ತೀರ್ಮಾನಿಸುವುದು. ಬಿಸಿಲಿಗೆ ಸುಟ್ಟ ಎಲೆಯೂ ಕಂದೇ ಆಗುತ್ತದೆ. ಭೂತಗನ್ನಡಿಯಲ್ಲಿ ಓಡಾಡುವ ನುಸಿ ಅಥವಾ ಮೊಟ್ಟೆ ಕಣ್ಣಿಗೆ ಬೀಳುವವರೆಗೆ ನಿರ್ಧಾರ ಬೇಡ.

ಹಂತ 2: ಮಿತ್ರರನ್ನು ಗುರುತಿಸಲು ಕಲಿಯಿರಿ

ಈ ಹಂತಕ್ಕೆ ಸಮಯ ಕೊಡಿ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಬೇಟೆನುಸಿಯನ್ನೇ ಪೀಡೆ ಎಂದುಕೊಂಡು ಔಷಧಿ ಹೊಡೆಯುವವರಿದ್ದಾರೆ. ಗುಲಗಂಜಿ ಹುಳುವಿನ ಮರಿಯನ್ನು ಎಲೆ ತಿನ್ನುವ ಹುಳ ಎಂದು ಹೊಸಕುವವರೂ ಇದ್ದಾರೆ.

ಬೇಟೆನುಸಿ. ಚಹಾದಲ್ಲಿ ಮುಖ್ಯವಾದದ್ದು ನಿಯೊಸಿಯುಲಸ್ ಲಾಂಜಿಸ್ಪೈನೋಸಸ್. ದಕ್ಷಿಣ ಭಾರತದ ಚಹಾ ತೋಟಗಳಲ್ಲಿ ಇದು ತಾನಾಗಿಯೇ ಇರುತ್ತದೆ. ಮೈ ಹೊಳೆಯುತ್ತದೆ, ಆಕಾರ ನೀರಿನ ಹನಿಯಂತೆ, ಬಣ್ಣ ತಿಳಿ ಹುಲ್ಲಿನದು. ಕೆಂಪು ನುಸಿ ತಿಂದ ಮೇಲೆ ಹೊಟ್ಟೆಯಲ್ಲಿ ಕೆಂಪು ಛಾಯೆ ಕಾಣುತ್ತದೆ. ಅದಕ್ಕೇ ಇದನ್ನು ಪೀಡೆ ಎಂದು ತಪ್ಪು ತಿಳಿಯುವುದು ಸುಲಭ. ಗುರುತಿಸಲು ಒಂದು ಖಚಿತ ಉಪಾಯ ಇದೆ: ನಡಿಗೆ ನೋಡಿ. ಜೇಡನುಸಿ ಕೂತಲ್ಲೇ ಕೂತಿರುತ್ತದೆ ಅಥವಾ ನಿಧಾನ ಸರಿಯುತ್ತದೆ. ಬೇಟೆನುಸಿ ಬೆಳಕು ಬಿದ್ದ ಕೂಡಲೇ ಓಡುತ್ತದೆ. ಇದರ ಮೊಟ್ಟೆ ದುಂಡಗಿರುವುದಿಲ್ಲ, ಉದ್ದುದ್ದ ಇರುತ್ತದೆ, ಬಿಳಿಚಾಗಿ ಪಾರದರ್ಶಕವಾಗಿರುತ್ತದೆ, ಜೇಡನುಸಿಯ ಮೊಟ್ಟೆಗಿಂತ ದೊಡ್ಡದು.

ಒಂದು ವಿಷಯ ನೆನಪಿಡಿ. ಕೆಂಪು ಜೇಡನುಸಿ ಎಲೆಯ ಮೇಲೆ, ಬೇಟೆನುಸಿಯ ವಿಶ್ರಾಂತಿ ಎಲೆಯ ಕೆಳಗೆ ನಡುನರದ ಪಕ್ಕ. ಮೇಲ್ಭಾಗ ಮಾತ್ರ ನೋಡಿ "ಒಂದೂ ಇಲ್ಲ" ಎನ್ನಬೇಡಿ. ಎಲೆಯನ್ನು ತಿರುಗಿಸಿ.

ಆಂಬ್ಲಿಸಿಯಸ್ ಗುಂಪಿನ ಬೇಟೆನುಸಿಗಳೂ ಚಹಾದಲ್ಲಿ ಇವೆ. ಇವು ನೇರಳೆ, ಗುಲಾಬಿ, ಹಳದಿ ನುಸಿಗಳನ್ನೂ ತಿನ್ನುತ್ತವೆ. ನುಸಿ ಸಿಗದಾಗ ಹೂವಿನ ಪರಾಗ ತಿಂದು ಬದುಕುತ್ತವೆ. ಈ ಗುಣ ಐದನೇ ಹಂತದಲ್ಲಿ ನಮಗೆ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಬೇಟೆನುಸಿ ಅಜಿಸ್ಟೆಮಸ್: ಹಳದಿಯಿಂದ ಕಿತ್ತಳೆ ಬಣ್ಣ, ಸ್ವಲ್ಪ ನಿಧಾನ, ಮೊಟ್ಟೆಗಳನ್ನು ಮತ್ತು ಸಣ್ಣ ನುಸಿಗಳನ್ನು ತಿನ್ನುತ್ತದೆ.

ಸ್ಟೆಥೋರಸ್ ಗುಲಗಂಜಿ ಹುಳು. ಕೆಂಪು ಮೈ, ಕಪ್ಪು ಚುಕ್ಕೆಯ ದೊಡ್ಡ ಗುಲಗಂಜಿ ಹುಳುವನ್ನು ಹುಡುಕಬೇಡಿ. ಇದು ಒಂದರಿಂದ ಒಂದೂವರೆ ಮಿಲಿಮೀಟರ್ ಇರುವ ಅಚ್ಚ ಕಪ್ಪು ಹುಳು, ಮೈಮೇಲೆ ನವಿರು ಕೂದಲು. ಮರಿ ಬೂದು ಬಣ್ಣ, ರೋಮ ರೋಮವಾಗಿರುತ್ತದೆ. ಪ್ಯೂಪಾ, ಅಂದರೆ ಮರಿ ದೊಡ್ಡ ಹುಳುವಾಗುವ ಮೊದಲಿನ ಕೋಶ, ಎಲೆಗೆ ಅಂಟಿಕೊಂಡ ಕಪ್ಪು ಕಾಳಿನಂತೆ ಕಾಣುತ್ತದೆ. ಮರಿಯೂ ದೊಡ್ಡ ಹುಳುವೂ ನುಸಿಯನ್ನೇ ತಿನ್ನುತ್ತವೆ.

ಸ್ಟೆಥೋರಸ್ ಹಾರಿ ಬರುತ್ತದೆ, ಆದರೆ ನುಸಿ ತುಂಬ ಇರುವ ಕಡೆ ಮಾತ್ರ ನಿಲ್ಲುತ್ತದೆ. ನುಸಿ ಕಡಿಮೆಯಾದರೆ ಬೇರೆಡೆ ಹೋಗುತ್ತದೆ. ಬೇಟೆನುಸಿ ಹಾಗಲ್ಲ, ನುಸಿ ಸ್ವಲ್ಪವೇ ಇದ್ದಾಗಲೂ ಹುಡುಕಿ ತಿನ್ನುತ್ತದೆ. ಹಾಗಾಗಿ ಶುರುವಿನಲ್ಲಿ ತಡೆಯುವ ಕೆಲಸ ಬೇಟೆನುಸಿಯದು, ಉಕ್ಕಿದ ಮೇಲೆ ಇಳಿಸುವ ಕೆಲಸ ಸ್ಟೆಥೋರಸ್‌ನದು.

ಉಳಿದವರು. ಒಲಿಗೋಟ ಎಂಬ ಸಣ್ಣ ಕಪ್ಪು ದುಂಬಿಯ ರೆಕ್ಕೆ ಮೊಟಕು, ಬಾಲದ ತುದಿಯನ್ನು ಮೇಲೆತ್ತಿಕೊಂಡು ನಡೆಯುತ್ತದೆ. ಆರು ಚುಕ್ಕೆಯ ಥ್ರಿಪ್ಸ್ ಎಂಬ ಸಣ್ಣ ಕೀಟ ನೋಡಿದರೆ ಬೆದರಬೇಡಿ. ಒಂದೊಂದು ಬದಿಯ ರೆಕ್ಕೆಯಲ್ಲಿ ಮೂರು ಕಪ್ಪು ಚುಕ್ಕೆ ಇದ್ದರೆ ಅದು ನುಸಿ ತಿನ್ನುವ ಥ್ರಿಪ್ಸ್. ಎಳೆಯ ತುದಿಗೆ ನೂಲಿನಂಥ ಕಡ್ಡಿ, ಅದರ ತುದಿಯಲ್ಲಿ ಮೊಟ್ಟೆ ಕಂಡರೆ ಅದು ಹಸಿರು ಜಾಲರೆಕ್ಕೆ ಕೀಟದ್ದು, ಮುಟ್ಟದೆ ಬಿಡಿ.

ಹಂತ 3: ಎಣಿಸಿ, ಬರೆದಿಡಿ

ತೋಟವನ್ನು ತಾಕುಗಳಾಗಿ ಮಾಡಿಕೊಳ್ಳಿ. ಪ್ರತಿ ತಾಕಿನಲ್ಲಿ ಇಪ್ಪತ್ತು ಗಿಡ, ಗಿಡಕ್ಕೆ ಐದು ಬಲಿತ ಎಲೆ ನೋಡಿ. ನೂರು ಎಲೆಯಾದರೆ ಶೇಕಡಾ ಲೆಕ್ಕ ಹಾಕುವುದು ಸುಲಭ. ಹಳದಿ ನುಸಿಯ ಅನುಮಾನ ಇದ್ದರೆ ಬಲಿತ ಎಲೆಯ ಬದಲು ಚಿಗುರು ನೋಡಿ.

ಮೂರು ಅಂಕಿ ಬರೆಯಿರಿ: ನುಸಿ ಇರುವ ಎಲೆ ಎಷ್ಟು, ಮಿತ್ರಜೀವಿ ಇರುವ ಎಲೆ ಎಷ್ಟು, ಎರಡೂ ಇರುವ ಎಲೆ ಎಷ್ಟು. ಮೂರನೇ ಅಂಕಿಯೇ ಮುಖ್ಯ. ಮಿತ್ರಜೀವಿ ತೋಟದ ಎಲ್ಲೋ ಇದ್ದು ನುಸಿ ಇನ್ನೆಲ್ಲೋ ಇದ್ದರೆ ಏನು ಲಾಭ, ಅಲ್ವಾ?

ರಸ್ತೆ ಬದಿ, ನೆರಳು ಇಲ್ಲದ ಜಾಗ, ಕಳೆದ ವರ್ಷ ಪೆಟ್ಟು ತಿಂದ ಜಾಗಗಳನ್ನು ಬೇರೆಯಾಗಿ ನೋಡಿ. ನುಸಿ ಅಲ್ಲೇ ಮೊದಲು ಶುರುವಾಗುತ್ತದೆ. ಅಂಥ ಗಿಡಕ್ಕೆ ಬಣ್ಣದ ಪಟ್ಟಿ ಕಟ್ಟಿ. ಒಣಹವೆ ಶುರುವಾಗುವ ಮೊದಲೇ ಎಣಿಕೆ ಆರಂಭಿಸಿ, ಆಮೇಲೆ ವಾರಕ್ಕೊಮ್ಮೆ ತಪ್ಪಿಸದೆ ಮಾಡಿ. ವಾರ ಏಕೆ ಎಂದರೆ, ಬೆಚ್ಚಗಿನ ಹವೆಯಲ್ಲಿ ಕೆಂಪು ಜೇಡನುಸಿಯ ಒಂದು ತಲೆಮಾರು ಸುಮಾರು ಎರಡು ವಾರದೊಳಗೆ ಮುಗಿಯುತ್ತದೆ. ಎರಡು ಎಣಿಕೆ ತಪ್ಪಿದರೆ ಒಂದು ತಲೆಮಾರು ಕಣ್ತಪ್ಪಿದಂತೆ.

ಹಂತ 4: ಮಿತ್ರರನ್ನು ಕೊಲ್ಲುವುದನ್ನು ನಿಲ್ಲಿಸಿ

ಈಗ ಹಳೆಯ ಸ್ಪ್ರೇ ಪುಸ್ತಕ ತೆಗೆಯಿರಿ.

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್‌ನಂಥ ಪೈರೆಥ್ರಾಯ್ಡ್ ಕೀಟನಾಶಕಗಳು ನುಸಿ ಹತೋಟಿಯ ಮಟ್ಟಿಗೆ ಅತಿ ಕೆಟ್ಟವು. ಚಹಾ ಸೊಳ್ಳೆ ಎಂಬ ರಸ ಹೀರುವ ತಿಗಣೆಗೆ ಅಥವಾ ಎಲೆ ತಿನ್ನುವ ಹುಳಕ್ಕೆ ಹೊಡೆಯುತ್ತೇವೆ. ಅದು ಬೇಟೆನುಸಿ, ಗುಲಗಂಜಿ ಹುಳು ಎಲ್ಲವನ್ನೂ ಸಾಯಿಸುತ್ತದೆ, ಜೇಡನುಸಿಗೆ ಅಷ್ಟೇನೂ ತಟ್ಟುವುದಿಲ್ಲ. ಕೆಲವು ವಾರದಲ್ಲಿ ನುಸಿ ಮೊದಲಿಗಿಂತ ಜಾಸ್ತಿ ಆಗುತ್ತದೆ. ಆಗ ನುಸಿನಾಶಕ, ಅದರ ಹಿಂದೆ ಇನ್ನೊಂದು. ಈ ಸರಪಳಿ ತುಂಡಾಗದೆ ಯಾವ ಮಿತ್ರಜೀವಿ ಬಿಟ್ಟರೂ ಪ್ರಯೋಜನ ಇಲ್ಲ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳೂ ಮಿತ್ರಜೀವಿಗಳಿಗೆ ವಿಷವೇ.

ಗುಳ್ಳೆ ರೋಗಕ್ಕೆ ತಾಮ್ರದ ಶಿಲೀಂಧ್ರನಾಶಕವನ್ನು ಪದೇ ಪದೇ ಹೊಡೆದ ತಾಕುಗಳಲ್ಲಿ ನುಸಿ ಹೆಚ್ಚುವುದುಂಟು. ರೋಗಕ್ಕೆ ಔಷಧಿ ಬೇಡ ಎಂದು ಹೇಳುತ್ತಿಲ್ಲ. ಆ ತಾಕುಗಳ ಎಣಿಕೆಯಲ್ಲಿ ಹೆಚ್ಚು ಎಚ್ಚರ ಇರಲಿ. ಗಂಧಕವೂ ಬೇಟೆನುಸಿಗೆ ಹಾನಿ ಮಾಡುತ್ತದೆ. "ಗಂಧಕ ಸೌಮ್ಯ" ಎಂಬ ನಂಬಿಕೆಯಲ್ಲಿ, ಬಿಡುಗಡೆಯ ಹಿಂದುಮುಂದಿನ ದಿನಗಳಲ್ಲಿ ಅದನ್ನು ಹೊಡೆಯಬೇಡಿ.

ನುಸಿನಾಶಕ ಹೊಡೆಯಲೇಬೇಕಾದರೆ ಮಿತ್ರರಿಗೆ ಕಡಿಮೆ ಪೆಟ್ಟು ಕೊಡುವುದನ್ನು ಆರಿಸಿ. ಹೆಕ್ಸಿಥಯಾಜಾಕ್ಸ್ ನುಸಿಯ ಮೊಟ್ಟೆ ಮತ್ತು ಮರಿಗಳ ಮೇಲೆ ಕೆಲಸ ಮಾಡುತ್ತದೆ, ಬೇಟೆನುಸಿಯನ್ನು ಬಹಳಮಟ್ಟಿಗೆ ಉಳಿಸುತ್ತದೆ. ಆದರೆ ದೊಡ್ಡ ನುಸಿಯನ್ನು ಕೊಲ್ಲುವುದಿಲ್ಲ. ಮರುದಿನ ಹೋಗಿ ನೋಡಿ "ಔಷಧಿ ಕೆಲಸ ಮಾಡಿಲ್ಲ" ಎಂದು ಇನ್ನೊಂದನ್ನು ಹೊಡೆಯುವುದು ದೊಡ್ಡ ತಪ್ಪು. ಬೇವಿನ ಅಜಾಡಿರಕ್ಟಿನ್ ಕೂಡ ತುಲನೆಯಲ್ಲಿ ಸೌಮ್ಯ.

ನಿಮ್ಮ ದೇಶದಲ್ಲಿ ಚಹಾಕ್ಕೆ ಅನುಮತಿ ಇರುವುದನ್ನು ಮಾತ್ರ ಬಳಸಿ, ಲೇಬಲ್‌ನಲ್ಲಿ ಹೇಳಿದಷ್ಟು ದಿನ ಬಿಟ್ಟು ಚಿಗುರು ಕೀಳಿ. ಚಹಾ ಎಲೆಯನ್ನು ಯಾರೂ ತೊಳೆದು ಕುಡಿಯುವುದಿಲ್ಲ. ಡೈಕೋಫಾಲ್ ಎಂಬ ಹಳೆಯ ನುಸಿನಾಶಕ ಉಳಿದಿದ್ದರೆ ಅದನ್ನು ಖಾಲಿ ಮಾಡುವ ಯೋಚನೆ ಬಿಡಿ. 2019ರಲ್ಲಿ ಅದು ಬೇಗ ನಾಶವಾಗದ ವಿಷಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿದೆ.

ಹಂತ 5: ತೋಟವನ್ನು ಮಿತ್ರರು ಬದುಕುವಂತೆ ಮಾಡಿ

ಬೇಟೆನುಸಿಯ ಮೊಟ್ಟೆಗೆ ತೇವದ ಗಾಳಿ ಬೇಕು. ಗಾಳಿ ತೀರ ಒಣಗಿದರೆ ಮೊಟ್ಟೆ ಒಡೆಯದೆ ಬತ್ತುತ್ತದೆ. ಜೇಡನುಸಿಗೆ ಅದೇ ಒಣಗಾಳಿ ಹಿತ. ಹಾಗಾಗಿ ನೆರಳು ಎಂದರೆ ಬರೀ ತಂಪಲ್ಲ, ಯಾರು ಗೆಲ್ಲುತ್ತಾರೆ ಎಂಬುದನ್ನೇ ಅದು ತಿರುಗಿಸುತ್ತದೆ. ಒಣಹವೆಯ ಮುಂಚೆ ನೆರಳಿನ ಮರಗಳನ್ನು ಬೋಳಿಸಬೇಡಿ. ನೆರಳು ಹೋದ ಕಡೆ ಹೊಸ ಗಿಡ ನೆಡಿ. ಸಿಲ್ವರ್ ಓಕ್ ಇದ್ದರೆ ಅದರ ಎಲೆಯನ್ನೂ ಆಗಾಗ ನೋಡಿ, ಕೆಂಪು ಜೇಡನುಸಿ ಅದರ ಮೇಲೂ ಬದುಕುತ್ತದೆ.

ಧೂಳು ಇನ್ನೊಂದು ಶತ್ರು. ಎಲೆ ಮೇಲೆ ಧೂಳು ಕೂತರೆ ಬೇಟೆನುಸಿಗೆ ಓಡಾಡಲು, ಬೇಟೆ ಹುಡುಕಲು ಕಷ್ಟ. ಮಣ್ಣು ರಸ್ತೆಯ ಬದಿ ಬೇಲಿಗಿಡ ಬೆಳೆಸಿ, ಒಣ ದಿನಗಳಲ್ಲಿ ರಸ್ತೆಗೆ ನೀರು ಚಿಮುಕಿಸಿ. ಸ್ಪ್ರಿಂಕ್ಲರ್ ಇದ್ದರೆ ಎಲೆ ತೊಳೆಯುವಂತೆ ನೀರು ಕೊಡಿ.

ಕಳೆ ವಿಷಯದಲ್ಲಿ ಎರಡು ಅತಿರೇಕವೂ ಬೇಡ. ನುಸಿ ಆಶ್ರಯ ಪಡೆಯುವ ಕಳೆಗಳನ್ನು ತೆಗೆಯಿರಿ. ಆದರೆ ಅಂಚಿನಲ್ಲಿ, ಕಾಲುದಾರಿಯಲ್ಲಿ ಹೂಬಿಡುವ ಗಿಡಗಳಿರಲಿ. ಅವುಗಳ ಪರಾಗವೇ ಆಂಬ್ಲಿಸಿಯಸ್ ಬೇಟೆನುಸಿಗೆ ನುಸಿ ಇಲ್ಲದ ದಿನಗಳ ಊಟ.

ಇನ್ನು ಕೆಲಸದ ಕ್ರಮ. ನುಸಿ ಬಟ್ಟೆ, ಬುಟ್ಟಿಗಳಿಗೆ ಅಂಟಿ ಒಂದು ತಾಕಿನಿಂದ ಇನ್ನೊಂದಕ್ಕೆ ಹೋಗುತ್ತದೆ. ನುಸಿ ಇಲ್ಲದ ತಾಕಿನಲ್ಲಿ ಮೊದಲು ಚಿಗುರು ಕಿತ್ತು, ನುಸಿ ಇರುವ ತಾಕನ್ನು ದಿನದ ಕೊನೆಗೆ ಇಟ್ಟುಕೊಳ್ಳಿ.

ಹಂತ 6: ಬೇಟೆನುಸಿ ಬೆಳೆಸಿ, ಬಿಡಿ

ಎಣಿಕೆಯಲ್ಲಿ ನುಸಿ ಏರುತ್ತಿದೆ, ಮಿತ್ರರು ಕಾಣುತ್ತಿಲ್ಲ, ಎಲೆ ಇನ್ನೂ ಹಸಿರಾಗಿದೆ. ಈ ಮೂರೂ ಒಟ್ಟಿಗೆ ಇದ್ದಾಗ ಬಿಡುವುದು ಸರಿ. ಎಲೆ ಕಂದಾದ ಮೇಲೆ ಬಿಡುವುದು ಸುಮ್ನೆ ಖರ್ಚು.

ತೋಟದಲ್ಲೇ ಸ್ವಲ್ಪ ಬೆಳೆಸಲು ಹೀಗೆ ಮಾಡಿ. ಅಗಲ ತಟ್ಟೆಯಲ್ಲಿ ನೀರು ಹಾಕಿ, ಮಧ್ಯೆ ನೆನೆದ ಸ್ಪಂಜ್ ಇಡಿ. ಅದರ ಮೇಲೆ ಬಲಿತ ಚಹಾ ಎಲೆಯನ್ನು ಮೇಲ್ಭಾಗ ಮೇಲಿರುವಂತೆ ಇಟ್ಟು, ಅಂಚಿಗೆ ಒದ್ದೆ ಹತ್ತಿ ಸುತ್ತಿ. ನೀರು ದಾಟಿ ನುಸಿಗಳು ಹೋಗಲಾರವು. ಎಲೆಗೆ ಕುಂಚದಿಂದ ಕೆಂಪು ಜೇಡನುಸಿ ಬಿಡಿ. ಮೊಟ್ಟೆಗಳು ಚೆನ್ನಾಗಿ ಕಾಣಿಸಿದ ಮೇಲೆ, ತೋಟದಿಂದ ತಂದ ಕೆಲವು ಬೇಟೆನುಸಿ ಸೇರಿಸಿ. ಬೆಚ್ಚಗಿನ ಹವೆಯಲ್ಲಿ ಬೇಟೆನುಸಿ ಮೊಟ್ಟೆಯಿಂದ ದೊಡ್ಡದಾಗಲು ವಾರಕ್ಕಿಂತ ಕಡಿಮೆ ಸಾಕು, ಜೇಡನುಸಿಗೆ ಹೆಚ್ಚೂಕಮ್ಮಿ ಅದರ ಎರಡರಷ್ಟು ಸಮಯ ಬೇಕು. ಬೇಟೆಗಾರನ ಬಲ ಇರುವುದೇ ಈ ವೇಗದಲ್ಲಿ.

ಜಾಸ್ತಿ ಬೇಕಾದರೆ ಬೀನ್ಸ್ ಗಿಡದ ಮೇಲೆ ಎರಡು ಚುಕ್ಕೆ ಜೇಡನುಸಿ ಬೆಳೆಸಿ, ಅದರ ಮೇಲೆ ಬೇಟೆನುಸಿ ಬಿಡುವ ವಿಧಾನ ಇದೆ. ಇದಕ್ಕೆ ಮೂರು ಪ್ರತ್ಯೇಕ ಜಾಗ ಬೇಕು: ಶುದ್ಧ ಬೀನ್ಸ್ ಗಿಡಕ್ಕೆ ಒಂದು, ಬರೀ ಜೇಡನುಸಿಗೆ ಒಂದು, ಬೇಟೆನುಸಿಗೆ ಒಂದು. ದಿನವೂ ಇದೇ ಕ್ರಮದಲ್ಲಿ ಒಳಗೆ ಹೋಗಿ, ಹಿಂದಕ್ಕೆ ಬರಬೇಡಿ. ಬೇಟೆನುಸಿ ಎರಡನೇ ಕೋಣೆಗೆ ಹೊಕ್ಕರೆ ಆಹಾರವೇ ಮುಗಿದುಹೋಗುತ್ತದೆ. ಇಂಥ ಸಾಕಣೆ ಕುಸಿಯುವುದು ಬಹುಪಾಲು ಹೀಗೆಯೇ.

ಬೀನ್ಸ್ ಎಲೆಯಲ್ಲಿ ಜೇಡನುಸಿ ಹೆಚ್ಚುಕಡಿಮೆ ಖಾಲಿಯಾದ ಮೇಲೆ ಮಾತ್ರ ಆ ಎಲೆಗಳನ್ನು ಕೊಯ್ದು ತೋಟಕ್ಕೆ ಒಯ್ಯಿರಿ. ಇಲ್ಲದಿದ್ದರೆ ಮಿತ್ರರ ಜೊತೆ ಇನ್ನೊಂದು ಪೀಡೆಯನ್ನೂ ನಾವೇ ಹಂಚಿದಂತೆ. ತಡ ಮಾಡಿದರೂ ಕಷ್ಟ: ಹಸಿದ ಬೇಟೆನುಸಿ ಚದುರಿ ಹೋಗುತ್ತದೆ, ಒಂದನ್ನೊಂದು ತಿನ್ನುತ್ತದೆ.

ಬಿಡುವಾಗ ಗಮನಿಸಬೇಕಾದವು:

1. ಸಂಜೆ ಬಿಸಿಲಿಳಿದ ಮೇಲೆ ಬಿಡಿ. ಮಳೆ ಬರುವಂತಿದ್ದರೆ ಮುಂದೂಡಿ.
2. ಎಲೆಯ ತುಂಡುಗಳನ್ನು ಗಿಡದ ಒಳಗೆ, ಬಲಿತ ಎಲೆಗಳ ನಡುವೆ ಸಿಕ್ಕಿಸಿ. ಮೇಲೆ ಎರಚಿದರೆ ಒಣಗುತ್ತವೆ, ಕೀಳುವವರ ಬುಟ್ಟಿಗೂ ಸೇರುತ್ತವೆ.
3. ಪಟ್ಟಿ ಕಟ್ಟಿದ ಗಿಡ ಮತ್ತು ಅದರ ಸುತ್ತಲಿನ ಗಿಡಗಳಿಗೆ ಹೆಚ್ಚು ಕೊಡಿ. ಇಡೀ ತೋಟಕ್ಕೆ ಸಮನಾಗಿ ಹಂಚಬೇಡಿ.
4. ಹತ್ತು ನುಸಿಗೆ ಒಂದು ಬೇಟೆನುಸಿ ಎಂಬುದು ಹಲವು ಬೆಳೆಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಅಷ್ಟು ಬೇಟೆನುಸಿ ಇಲ್ಲದಿದ್ದರೆ ಜಾಗ ಕಡಿಮೆ ಮಾಡಿ, ಪ್ರಮಾಣ ಕಡಿಮೆ ಮಾಡಬೇಡಿ.
5. ಒಂದೆರಡು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೊಮ್ಮೆ ಬಿಡಿ.

ಖರೀದಿಸಿ ತಂದದ್ದಾದರೆ ತಂಪು ಪೆಟ್ಟಿಗೆಯಲ್ಲಿ ತನ್ನಿ, ಆದರೆ ಮಂಜುಗಡ್ಡೆಗೆ ತಾಗಿಸಬೇಡಿ. ಬಿಡುವ ಮೊದಲು ಸ್ವಲ್ಪವನ್ನು ಬಿಳಿ ಹಾಳೆಯ ಮೇಲೆ ಸುರಿದು ಭೂತಗನ್ನಡಿಯಲ್ಲಿ ನೋಡಿ. ಓಡಾಡದಿದ್ದರೆ ಸತ್ತ ಮಾಲು ಬಂದಿದೆ ಎಂದರ್ಥ.

ಹಂತ 7: ಬಿಟ್ಟ ಮೇಲೆ

ಮೊದಲ ವಾರ ನುಸಿ ಇಳಿಯದಿದ್ದರೆ ಗಾಬರಿ ಬೇಡ. ಬೇಟೆನುಸಿಯ ಮೊಟ್ಟೆ ಕಾಣುತ್ತಿದೆಯೇ ನೋಡಿ. ಕಂಡರೆ ಅದು ನೆಲೆಯೂರಿದೆ. ಬತ್ತಿದ ಜೇಡನುಸಿ ಮೊಟ್ಟೆ, ಕೆಂಪು ಛಾಯೆಯ ಬೇಟೆನುಸಿ ಒಳ್ಳೆಯ ಲಕ್ಷಣ. ಮೂರು ನಾಲ್ಕು ವಾರದ ಎಣಿಕೆ ನೋಡಿದ ಮೇಲೆ ಗೆಲುವು ಸೋಲು ಹೇಳಬಹುದು.

ಅಪಾಯದ ಸೂಚನೆಗಳು ಬೇರೆ. ಎರಡು ಎಣಿಕೆಯಲ್ಲೂ ನುಸಿ ಇರುವ ಎಲೆ ಏರಿ, ಮಿತ್ರರಿರುವ ಎಲೆ ಹಾಗೇ ನಿಂತಿದ್ದರೆ ಹಳೆಯ ಔಷಧಿಯ ಉಳಿಕೆ ಅಥವಾ ಅತಿ ಒಣಹವೆ ಕಾರಣ ಇರಬಹುದು. ಎಲೆಗಳ ನಡುವೆ ಬಲೆ ಕಟ್ಟಿದ್ದು ಕಂಡರೆ, ಬಲಿತ ಎಲೆ ಉದುರಲು ಶುರುವಾದರೆ ಇನ್ನು ಕಾಯಬೇಡಿ. ಆ ಗಿಡಗಳು ಮತ್ತು ಸುತ್ತಲಿನ ಒಂದೆರಡು ಸಾಲಿಗೆ ಮಾತ್ರ, ಮೇಲೆ ಹೇಳಿದ ಸೌಮ್ಯ ನುಸಿನಾಶಕ ಹೊಡೆಯಿರಿ. ತಾಕಿಗೆಲ್ಲ ಹೊಡೆದರೆ ಮಾಡಿದ ಕೆಲಸ ನೀರುಪಾಲು.

ಆದರೆ ಪೆಟ್ಟು ತಿಂದ ಗಿಡದಲ್ಲಿ ಸ್ಟೆಥೋರಸ್ ಮರಿಗಳು ತುಂಬಿದ್ದರೆ ಕೈ ತಡೆಯಿರಿ. ಮುಂದಿನ ವಾರದ ಎಣಿಕೆವರೆಗೆ ಬಿಟ್ಟು ನೋಡಿ.

ಹಂತ 8: ಪ್ರೂನಿಂಗ್ ವರ್ಷದಲ್ಲಿ

ಪ್ರೂನಿಂಗ್ ಮಾಡಿದಾಗ, ಅಂದರೆ ಗಿಡದ ಕೊಂಬೆಗಳನ್ನು ಕತ್ತರಿಸಿದಾಗ, ಎಲೆಯ ಜೊತೆ ನುಸಿಯೂ ಹೋಗುತ್ತದೆ, ಮಿತ್ರರೂ ಹೋಗುತ್ತಾರೆ. ಹೊಸ ಚಿಗುರು ಬಲಿತಾಗ ನುಸಿ ಬೇಗ ಮರಳುತ್ತದೆ, ಬೇಟೆಗಾರ ತಡವಾಗಿ. ಅಕ್ಕಪಕ್ಕದ ತಾಕುಗಳನ್ನು ಒಂದೇ ವರ್ಷ ಕತ್ತರಿಸಬೇಡಿ. ಒಂದು ತಾಕು ಬೋಳಾದಾಗ ಪಕ್ಕದ್ದು ಎಲೆ ತುಂಬಿರಲಿ, ಮಿತ್ರರು ಅಲ್ಲಿಂದ ಬರುತ್ತಾರೆ. ಕತ್ತರಿಸುವ ಮೊದಲು ಆ ತಾಕಿನಲ್ಲಿ ಬೇಟೆನುಸಿ ಚೆನ್ನಾಗಿದ್ದರೆ ಕೆಲವು ಕೊಂಬೆಗಳನ್ನು ಕೊಯ್ದು, ಮಿತ್ರರು ಇಲ್ಲದ ಇನ್ನೊಂದು ತಾಕಿನ ಗಿಡಗಳ ಮೇಲೆ ಇಡಿ. ಆದರೆ ನುಸಿ ಹೆಚ್ಚಿರುವ ಕೊಂಬೆಯನ್ನು ಹೀಗೆ ಸಾಗಿಸಬೇಡಿ.

ಹೊಸ ಎಲೆ ಬಲಿತ ದಿನದಿಂದಲೇ ಆ ತಾಕನ್ನು ವಾರದ ಎಣಿಕೆಗೆ ಸೇರಿಸಿ.